ವೀರಗಲ್ಲು: ಸತ್ತವನಿಗೆ ಊರು ಕೊಟ್ಟ ಮಾತು

ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಕೆರೆ ಏರಿಯ ಮೇಲೋ, ಊರ ಬಾಗಿಲ ಬಳಿಯೋ, ಹಳೆಯ ಗುಡಿಯ ಅಂಗಳದಲ್ಲೋ ಎದೆಮಟ್ಟದ ಕಲ್ಲೊಂದು ಕಣ್ಣಿಗೆ ಬೀಳುತ್ತದೆ. ಅರ್ಧ ಮಣ್ಣಲ್ಲಿ ಹೂತಿರುತ್ತದೆ, ಎಣ್ಣೆ ಹಿಡಿದು ಕಪ್ಪಗಾಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ಕತ್ತಿ ಹಿಡಿದ ಮನುಷ್ಯನೊಬ್ಬ ಕಾಣುತ್ತಾನೆ. ಹಳೇ ಮೈಸೂರಿನ ಕಡೆ ಅದನ್ನು ವೀರಗಾರನ ಗುಡಿಯೆಂದು ಕರೆದು ವರ್ಷಕ್ಕೊಮ್ಮೆ ಪೂಜೆ ಮಾಡುವ ಊರುಗಳಿವೆ. ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಊರುಗಳೂ ಇವೆ. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಈತ ಯಾರು, ಯಾಕೆ ಸತ್ತ, ಈ ಕಲ್ಲನ್ನು ಇಲ್ಲಿ ನಿಲ್ಲಿಸಿದವರು ಯಾರು?

ವೀರಗಲ್ಲುಗಳ ಸಂಖ್ಯೆಯಲ್ಲಿ ಕರ್ನಾಟಕದ್ದು ದೇಶದಲ್ಲೇ ದೊಡ್ಡ ಪಾಲು. ಐದು-ಆರನೆಯ ಶತಮಾನದಿಂದ ಹಿಡಿದು ಪಾಳೆಯಗಾರರ ಕಾಲದವರೆಗೆ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಮ್ಮ ಹಳ್ಳಿಗಳು ಹೋರಾಡಿ ಸತ್ತ ತಮ್ಮವರಿಗೆ ಕಲ್ಲು ನೆಡುತ್ತಲೇ ಬಂದವು. ಅರಮನೆಯ ವೈಭವವನ್ನು ಹೊಗಳುವ ಶಾಸನಗಳ ನಡುವೆ, ಸಾಮಾನ್ಯನೊಬ್ಬನ ಹೆಸರನ್ನು ಅವನ ಊರಿನಲ್ಲೇ, ಅವನ ಮಾತಿನಲ್ಲೇ ಬರೆದಿಟ್ಟ ದಾಖಲೆಗಳಿವು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ, ಆರ್. ಶೇಷಶಾಸ್ತ್ರಿಯವರು ‘ಕರ್ನಾಟಕದ ವೀರಗಲ್ಲುಗಳು’ ಗ್ರಂಥದಲ್ಲಿ ಈ ಕಲ್ಲುಗಳ ಲೋಕವನ್ನು ನಮಗೆ ತೆರೆದು ತೋರಿಸಿದ್ದಾರೆ.

ವೀರಗಲ್ಲನ್ನು ಶೌರ್ಯದ ಹೊಗಳಿಕೆಯೆಂದು ನೋಡುವುದು ವಾಡಿಕೆ. ಹೊಗಳಿಕೆ ಅದರಲ್ಲಿದೆ, ನಿಜ. ಆದರೆ ಕಲ್ಲಿನ ಮೇಲಿನ ಸಾಲುಗಳನ್ನು ಕೊನೆಯವರೆಗೆ ಓದಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ತಮಗಾಗಿ ಸತ್ತವನ ಹೆಸರನ್ನು ಉಳಿಸುತ್ತೇವೆ, ಅವನ ಮನೆಯವರನ್ನು ನೋಡಿಕೊಳ್ಳುತ್ತೇವೆ, ಕಲ್ಲನ್ನು ಕಾಪಾಡುತ್ತೇವೆ ಎಂದು ಬದುಕಿ ಉಳಿದವರು ಕೊಟ್ಟ ಮಾತು ಅಲ್ಲಿದೆ. ಆ ಮಾತನ್ನು ಅರ್ಥಮಾಡಿಕೊಂಡರೆ ಹಳೆಯ ಕಲ್ಲುಗಳನ್ನು ಏನು ಮಾಡಬೇಕೆಂಬುದು ತಿಳಿಯುತ್ತದೆ. ಇಂದು ಗಡಿಯಿಂದ ಊರಿಗೆ ಬರುವ ಯೋಧನ ಪಾರ್ಥಿವ ಶರೀರದ ಮುಂದೆ ನಿಂತಾಗ ನಮ್ಮ ಹೊಣೆ ಏನೆಂಬುದೂ ತಿಳಿಯುತ್ತದೆ.

ಕಲ್ಲನ್ನು ಓದುವ ಬಗೆ

ಬಹುಪಾಲು ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಓದುವುದನ್ನು ಕೆಳಗಿನಿಂದ ಶುರುಮಾಡಬೇಕು.

ಕೆಳಗಿನ ಅಂಕಣದಲ್ಲಿ ಕಾಳಗ. ವೀರನನ್ನು ಎದುರಾಳಿಗಳಿಗಿಂತ ದೊಡ್ಡದಾಗಿ ಬಿಡಿಸಿರುತ್ತಾರೆ. ಕಚ್ಚೆ ಬಿಗಿದು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದಿರುತ್ತಾನೆ. ಕೆಲವೆಡೆ ಬಿಲ್ಲು ಎಳೆದು ನಿಂತಿರುತ್ತಾನೆ. ಕಾಲ ಬಳಿ ಬಿದ್ದ ದೇಹಗಳಿರುತ್ತವೆ, ಅವನ ಮೈಗೇ ಬಾಣಗಳು ನಾಟಿರುವುದೂ ಉಂಟು. ಇಲ್ಲಿ ಮೂಲೆಗಳನ್ನು ಗಮನಿಸಬೇಕು. ಅಂಚಿನಲ್ಲಿ ಸಾಲಾಗಿ ಹಸುಗಳಿದ್ದರೆ ಅದು ದನ ಹೊಡೆದೊಯ್ದವರ ಮೇಲೆ ಬಿದ್ದ ಕಾಳಗ. ಹೆಂಗಸಿನ ಆಕೃತಿಯೊಂದು ಸಂಕಟದಲ್ಲಿ ನಿಂತಿದ್ದರೆ ಹೆಣ್ಣಿನ ಮಾನ ಕಾಯಲು ನಡೆದ ಹೋರಾಟ. ಹಂದಿಯೋ ಹುಲಿಯೋ ಇದ್ದರೆ ಬೇಟೆಯಲ್ಲಿ ಬಂದ ಸಾವು. ಅಕ್ಷರ ಬಾರದವರಿಗೂ ಸಾವಿನ ಕಾರಣ ತಿಳಿಯಲೆಂದು ಶಿಲ್ಪಿ ಮಾಡಿದ ಏರ್ಪಾಡು ಇದು.

ನಡುವಿನ ಅಂಕಣದಲ್ಲಿ ವೀರ ನೆಲ ಬಿಟ್ಟಿದ್ದಾನೆ. ಎರಡೂ ಪಕ್ಕದಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಚಾಮರ ಬೀಸುವವರಿರುತ್ತಾರೆ, ಕೆಲವು ಕಲ್ಲುಗಳಲ್ಲಿ ವಿಮಾನವೂ ಇರುತ್ತದೆ. ಮೇಲಿನ ಅಂಕಣದಲ್ಲಿ ಅವನು ತನ್ನ ದೇವರ ಎದುರು ಕೂತಿದ್ದಾನೆ. ಶೈವನಾದರೆ ಲಿಂಗ, ನಂದಿ, ಪೂಜೆ ಮಾಡುವ ಅರ್ಚಕ ಇರುತ್ತಾರೆ. ಜೈನನಾದರೆ ಜಿನಬಿಂಬ ಇರುತ್ತದೆ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ಅವೆರಡೂ ಇರುವವರೆಗೆ ಈ ನೆನಪು ಇರಲಿ, ಇದಕ್ಕೆ ಬಿಟ್ಟ ದಾನ ನಡೆಯಲಿ ಎಂಬುದು ಅದರ ಆಶಯ.

ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಬರಹ ಇರುತ್ತದೆ. ಬರಹವೇ ಇಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಇದ್ದಲ್ಲಿ ಅದರ ನಡೆ ಹೆಚ್ಚುಕಡಿಮೆ ಒಂದೇ ತೆರ. ಯಾವ ಅರಸನ ಆಳ್ವಿಕೆ, ನಾಡನ್ನು ನೋಡಿಕೊಳ್ಳುತ್ತಿದ್ದವನು ಯಾರು, ಏನು ಕೇಡು ಬಂತು, ಇಂಥವನ ಮಗ ಇಂಥವನು ಎದುರು ನಿಂತು ಏನು ಮಾಡಿದ, ಹೇಗೆ ಸತ್ತ. ಆಮೇಲೆ ಕಲ್ಲು ನಿಲ್ಲಿಸಿದವರು ಯಾರು, ಕೊಟ್ಟ ಭೂಮಿ ಎಷ್ಟು, ಅದನ್ನು ಕಿತ್ತುಕೊಂಡವನಿಗೆ ಏನು ಪಾಪ. ಅಣ್ಣನಿಗೆ ತಮ್ಮ ನಿಲ್ಲಿಸಿದ ಕಲ್ಲುಗಳಿವೆ, ತಂದೆಗೆ ಮಗ ನಿಲ್ಲಿಸಿದವಿವೆ, ಊರವರೆಲ್ಲ ಸೇರಿ ನಿಲ್ಲಿಸಿದವೂ ಇವೆ.

ಸತ್ತದ್ದು ಯಾತಕ್ಕೆ

ವೀರಗಲ್ಲು ಎಂದ ಕೂಡಲೇ ಮಹಾಯುದ್ಧಗಳು ನೆನಪಾಗುತ್ತವೆ. ಅಂಥವೂ ಇವೆ. ಆದರೆ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ತುರುಗೊಳ್, ಊರಳಿವು, ಪೆಣ್ಬುಯ್ಯಲ್, ಗಡಿ ಕಾಳಗ. ತುರು ಎಂದರೆ ದನ. ಹೊಲ ಉಳಲು, ಹಾಲಿಗೆ, ಗೊಬ್ಬರಕ್ಕೆ ದನವೇ ಆಧಾರವಾಗಿದ್ದ ಕಾಲ ಅದು. ಒಂದು ರಾತ್ರಿ ಊರಿನ ಹಿಂಡನ್ನು ಹೊಡೆದೊಯ್ದರೆ ಮುಂದಿನ ಬೇಸಾಯವೇ ನಿಂತಂತೆ. ಅರಸನ ಪಡೆ ಬರುವವರೆಗೆ ಕಾಯುವಂತಿರಲಿಲ್ಲ. ಊರಿನಲ್ಲಿ ಇದ್ದವರೇ ಬೆನ್ನಟ್ಟಬೇಕಿತ್ತು. ತುರುಗಳನ್ನು ಮರಳಿಸಿ ತಾನು ಸತ್ತ ಎಂದು ಹೇಳುವ ಕಲ್ಲುಗಳು ಶಿವಮೊಗ್ಗ ಸೀಮೆಯಲ್ಲಿ, ಅದರಲ್ಲೂ ಶಿಕಾರಿಪುರ, ಸೊರಬದ ಕಡೆ ಹೇರಳವಾಗಿವೆ. ಊರಳಿವು ಎಂದರೆ ಊರಿಗೇ ಮುತ್ತಿಗೆ ಬಿದ್ದು ಸುಲಿಗೆಯಾಗುವ ಹೊತ್ತು. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನ ಕಾಯಲು ನಡೆದ ಹೋರಾಟ. ಹೀಗೆ ಸತ್ತವರಲ್ಲಿ ಊರ ಗಾವುಂಡನೂ ಇದ್ದಾನೆ, ಮನೆಯಾಳೂ ಇದ್ದಾನೆ, ದನಗಾಹಿಯೂ ಇದ್ದಾನೆ. ಅವರಲ್ಲಿ ಬಹಳ ಮಂದಿ ವೃತ್ತಿಯಿಂದ ಸೈನಿಕರಾಗಿದ್ದವರಲ್ಲ.

ಇದಕ್ಕೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆಂದು ನೆಲ ಅಗೆದಾಗ ಕಲ್ಲೊಂದು ಸಿಕ್ಕಿತು. ಶಾಸನಾಸಕ್ತರು ಹೋಗಿ ತೊಳೆದು ನೋಡಿದಾಗ ಅದು ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ವೀರಗಲ್ಲೆಂದು ಗೊತ್ತಾಯಿತು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಅದನ್ನು ಗುರುತಿಸಲಾಗಿದೆ. ಪೆರ್ಬೊಳಲು ನಾಡು ಮೂವತ್ತು ಎಂಬ ಆಡಳಿತ ಘಟಕದ ಹೆಸರು ಅದರಲ್ಲಿದೆ. ರಟ್ಟವಾಡಿಯವರು ಏರಿಬಂದಾಗ ಊರಳಿವಿನಲ್ಲಿ ಕಾದಾಡಿ ಕಿತ್ತಯ್ಯ ಎಂಬವನು ಇಂದ್ರಲೋಕ ಸೇರಿದ ಎಂಬುದು ಬರಹದ ತಿರುಳು. ಕಲ್ಲಿನಲ್ಲಿ ಅವನು ಕತ್ತಿ ಗುರಾಣಿ ಹಿಡಿದು ನಿಂತಿದ್ದಾನೆ. ಫ್ಲೈಓವರ್‌ನಿಂದಲೇ ಜನ ಗುರುತಿಸುವ ಈ ಬಡಾವಣೆ 1,250ಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಊರಾಗಿತ್ತು, ಆ ಊರಿನ ಮೇಲೆ ದಾಳಿಯಾಗಿತ್ತು, ಅದನ್ನು ಉಳಿಸಲು ಹೋಗಿ ಕಿತ್ತಯ್ಯ ಸತ್ತ. ಇಷ್ಟೂ ನಮಗೆ ತಿಳಿದದ್ದು ಆ ಒಂದು ಕಲ್ಲಿನಿಂದ.

ನಗರದ ದಕ್ಷಿಣಕ್ಕೆ ಬೇಗೂರು. ಅಲ್ಲಿನ ನಾಗೇಶ್ವರ ಗುಡಿಯ ಆವರಣದಲ್ಲಿರುವ ಸುಮಾರು 890ರ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಗಂಗರ ಅಧಿಕಾರಿ ನಾಗತ್ತರನ ಮನೆಗೆ ಸೇರಿದವರು ಆ ಕಾಳಗದಲ್ಲಿ ಸತ್ತ ಸುದ್ದಿ ಅದು. ಬೆಂಗಳೂರು ಎಂಬ ಹೆಸರು ಇಷ್ಟು ಹಳೆಯದೆಂದು ನಾವು ಇಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಈ ಬರಹದ ಬಲದಿಂದಲೇ. ಒಂದು ಮಹಾನಗರದ ಹೆಸರಿನ ಮೊದಲ ಲಿಖಿತ ಸಾಕ್ಷ್ಯ ಸಿಕ್ಕಿರುವುದು ಒಂದು ಮನೆಯ ಸಾವಿನ ದಾಖಲೆಯಲ್ಲಿ.

ಮಾತಿಗೆ ಮಣ್ಣಿನ ಆಧಾರ

ಇನ್ನು ಹೊಣೆಯ ವಿಷಯ. ಹೋರಾಡಿದವನಿಗೆ, ಅವನು ಸತ್ತರೆ ಅವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿ ಕನ್ನಡ ನಾಡಿನಲ್ಲಿ ತೀರ ಹಳೆಯದು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸಿದ, ಸುಮಾರು 450ರ ಪ್ರಸಿದ್ಧ ಶಾಸನದ ವಿಷಯವೂ ಇದೇ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಬಾಳ್ ಎಂದರೆ ಕತ್ತಿ. ಕಾಳಗ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ಕೊಡುಗೆಯೇ ಬಾಳ್ಗಳ್ಚು. ರಕ್ತ ಸುರಿಸಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರು ಬಳಕೆಯಲ್ಲಿತ್ತು, ವೀರಗಲ್ಲಿನ ಜೊತೆಗೆ ಬಿಟ್ಟ ಭೂಮಿಯನ್ನು ಕಲ್ನಾಡು ಎನ್ನುತ್ತಿದ್ದರು.

ಈ ದಾನಗಳನ್ನು ಎಷ್ಟು ಖಚಿತವಾಗಿ ಬರೆಯುತ್ತಿದ್ದರು ಎಂಬುದನ್ನು ಗಮನಿಸಬೇಕು. ಎಲ್ಲಿಯ ಗದ್ದೆ, ಎಷ್ಟು ಖಂಡುಗ ಬೀಜ ಬಿತ್ತುವಷ್ಟು ನೆಲ, ಯಾವ ಕೆರೆಯ ಕೆಳಗೆ ಎಂಬ ವಿವರ ಇರುತ್ತದೆ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಸತ್ತ ಕಥೆ ಅದು. ಸುದ್ದಿ ಕೇಳಿದ ಎರೆಯಪ್ಪ, ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಅವನಿಗೆ ಬಿಟ್ಟುಕೊಟ್ಟ. ಆ ಹಳ್ಳಿಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೊರೆಸಿದ್ದಾರೆ. ನಾಳೆ ಯಾರೂ ‘ಅಂಥ ಮಾತೇ ಆಗಿರಲಿಲ್ಲ’ ಎನ್ನುವಂತಿಲ್ಲ. ಯುದ್ಧದ ಚಿತ್ರ ನೋಡಲು ಬಂದವರೆಲ್ಲರ ಕಣ್ಣಿಗೂ ದಾನದ ಪಟ್ಟಿ ಬೀಳುತ್ತದೆ. ಆ ಅರ್ಥದಲ್ಲಿ ವೀರಗಲ್ಲು ಊರ ನಡುವೆ ನಿಲ್ಲಿಸಿದ ಪಹಣಿ ಪತ್ರ.

ನಿರ್ವಹಣೆಯ ಮಾತು ಇನ್ನೂ ಸ್ಪಷ್ಟವಾಗಿ ಸಿಗುವುದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. 949–950ರ ಆ ಶಾಸನ ತಕ್ಕೋಲಂ ಯುದ್ಧದ ಹಿನ್ನೆಲೆಯದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗ ಚೋಳ ರಾಜಾದಿತ್ಯನ ಮೇಲೆ ಹೋದ ಯುದ್ಧ ಅದು. ಅಲ್ಲಿ ಮೆರೆದ ತನ್ನ ಅನುಚರ ಮಣಲೆರನಿಗೆ ಏನು ಬೇಕೆಂದು ಬೂತುಗ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಎರಡು ಖಂಡುಗ ಭೂಮಿ ಬಿಟ್ಟರು. ಜೊತೆಗೆ ಒಂದು ಷರತ್ತನ್ನೂ ಬರೆದರು: ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಸ್ಮಾರಕದ ಕೆಲಸ ನೆಟ್ಟ ದಿನ ಮುಗಿಯುವುದಿಲ್ಲ, ದಿನವೂ ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು, ಅವನ ಊಟಕ್ಕೆ ದಾರಿ ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ಹೆಸರು, ಭೂಮಿ, ನೋಡಿಕೊಳ್ಳುವ ಕೈ ಮೂರನ್ನೂ ಒಟ್ಟಿಗೆ ಏರ್ಪಡಿಸಿದ್ದರು.

ಆ ವ್ಯವಸ್ಥೆಯ ಕ್ರೌರ್ಯವನ್ನೂ ಹೇಳಬೇಕು. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಗಲ್ಲು ಇರುತ್ತದೆ. ಬಳೆ ತೊಟ್ಟ ಒಂದು ತೋಳು, ಮೇಲಕ್ಕೆತ್ತಿದ ಅಂಗೈ. ಗಂಡನ ಚಿತೆಯಲ್ಲಿ ಸತ್ತ ಹೆಣ್ಣಿನ ಗುರುತು ಅದು. ಮಗನಿಗೆ ಭೂಮಿ ಕೊಟ್ಟ ಸಮಾಜ ಹೆಂಡತಿಯ ಬದುಕನ್ನು ಉಳಿಸಲಿಲ್ಲ, ಅವಳ ಸಾವಿಗೂ ಪೂಜೆಯ ಪಟ್ಟ ಕಟ್ಟಿತು. ವೀರಗಲ್ಲುಗಳಿಂದ ನಾವು ಕಲಿಯಬೇಕಾದ ಹೊಣೆಗಾರಿಕೆಯಲ್ಲಿ ಈ ತಿದ್ದುಪಡಿ ಮೊದಲು ಆಗಬೇಕು. ಇಂದು ಯೋಧನೊಬ್ಬ ಸತ್ತಾಗ ಊರು ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಬದುಕಿ ಉಳಿದ ಹೆಂಡತಿಯ, ತಾಯಿಯ ಬೆನ್ನಿಗೆ.

ದೂರದ ಊರುಗಳೂ ಇದೇ ದಾರಿ ಹಿಡಿದವು

ಸತ್ತವನ ಹೆಸರು ಅವನ ಊರಿನಲ್ಲೇ ಇರಬೇಕೆಂಬ ಹಂಬಲ ಕನ್ನಡ ನಾಡಿಗೆ ಮಾತ್ರ ಸೇರಿದ್ದಲ್ಲ. 1914–18ರ ಮಹಾಯುದ್ಧದಲ್ಲಿ ಸತ್ತ ಸೈನಿಕರ ದೇಹಗಳನ್ನು ಊರಿಗೆ ತರಲು ಬ್ರಿಟಿಷ್ ಸರ್ಕಾರ ಅವಕಾಶ ಕೊಡಲಿಲ್ಲ. ಬಿದ್ದ ಕಡೆಯೇ ಹೂಳಬೇಕು, ಅಧಿಕಾರಿಗೂ ಸಿಪಾಯಿಗೂ ಒಂದೇ ಬಗೆಯ ಸಮಾಧಿಕಲ್ಲು ಇರಬೇಕು ಎಂಬುದು ನಿಯಮ. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿ ಆಯೋಗ ಅದನ್ನು ನಡೆಸಿತು. ಮಗನ ದೇಹವೂ ಬರಲಿಲ್ಲ, ಸಮಾಧಿ ನೋಡಲು ಸಮುದ್ರ ದಾಟುವ ಶಕ್ತಿಯೂ ಇರಲಿಲ್ಲ. ಆಗ ಇಂಗ್ಲೆಂಡಿನ ಹಳ್ಳಿಗಳು ತಾವೇ ಹಣ ಕೂಡಿಸಿ, ಚರ್ಚಿನ ಅಂಗಳದಲ್ಲೋ ರಸ್ತೆ ಕೂಡುವಲ್ಲೋ ಕಲ್ಲು ನಿಲ್ಲಿಸಿ ಹೆಸರುಗಳನ್ನು ಕೊರೆಸಿದವು. ಫ್ರಾನ್ಸಿನಲ್ಲೂ ಅಷ್ಟೆ. ಅಲ್ಲಿನ ಹಳ್ಳಿ ಪಟ್ಟಣಗಳಲ್ಲಿ ಸುಮಾರು 36,000 ಸ್ಮಾರಕಗಳು, ಬಹುಪಾಲು 1920ರಿಂದ 1925ರ ನಡುವೆ ಎದ್ದವು. ದುಃಖಕ್ಕೆ ಒಂದು ಜಾಗ ಬೇಕಿತ್ತು, ಆ ಜಾಗ ನಡೆದು ಹೋಗುವಷ್ಟು ಹತ್ತಿರ ಇರಬೇಕಿತ್ತು.

ಆದರೆ ಆ ಸಮಾನತೆಯ ಮಾತು ಎಲ್ಲರಿಗೂ ಸಲ್ಲಲಿಲ್ಲ. ಅದೇ ಆಯೋಗ 2021ರಲ್ಲಿ ಹೊರತಂದ ವರದಿಯ ಪ್ರಕಾರ ಆ ಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನ, ಬಹುಶಃ 3,50,000ದಷ್ಟು ಜನ, ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ, ಕೆಲವರಿಗೆ ಸ್ಮಾರಕವೇ ಇಲ್ಲ. ಅವರಲ್ಲಿ ಹೆಚ್ಚಿನವರು ಆಫ್ರಿಕಾ, ಮಧ್ಯಪ್ರಾಚ್ಯದ ಜನ. ಭಾರತದಿಂದ ಹೋಗಿ ಸತ್ತವರು 70,000ಕ್ಕೂ ಹೆಚ್ಚು. ಅವರ ನೆನಪಿಗೆ 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟ್ ಮೇಲೆ ಇರುವ ಹೆಸರುಗಳು 13,000ಕ್ಕೆ ಸ್ವಲ್ಪ ಹೆಚ್ಚು. ಎಂಟನೆಯ ಶತಮಾನದ ಹೆಬ್ಬಾಳ ತನ್ನ ಕಿತ್ತಯ್ಯನ ಹೆಸರನ್ನು ಉಳಿಸಿಕೊಂಡಿತು. ಇಪ್ಪತ್ತನೆಯ ಶತಮಾನದ ಸಾಮ್ರಾಜ್ಯಕ್ಕೆ, ಗುಮಾಸ್ತರೂ ಕಡತಗಳೂ ಇದ್ದು, ತಾನೇ ಕರೆದುಕೊಂಡು ಹೋದವರ ಹೆಸರು ಬರೆಯುವುದಾಗಲಿಲ್ಲ. ದೊಡ್ಡ ಆಡಳಿತಕ್ಕೆ ಸತ್ತವನು ಒಂದು ಸಂಖ್ಯೆ. ಅವನು ಯಾರ ಮಗನೆಂಬುದು ಗೊತ್ತಿರುವುದು ಊರಿಗೆ. ಹೆಸರು ಉಳಿಸುವ ಕೆಲಸವನ್ನು ಊರೇ ವಹಿಸಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ನಮ್ಮಲ್ಲೂ ಆ ಯುದ್ಧದ ಒಂದು ಕಲ್ಲಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಿಂತಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿ ಜೋಧಪುರದ ಕುದುರೆ ಪಡೆಯ ಜೊತೆ ಮೈಸೂರಿನ ಕುದುರೆ ಪಡೆಯೂ ಇತ್ತು. ಆ ಪಡೆಯಲ್ಲಿ ಮಡಿದವರ ನೆನಪಿನ ಕಲ್ಲು ಅದು. ಹೈಫಾ ನಗರ ಆ ದಿನವನ್ನು ನೆನೆಯುತ್ತದೆ. ಜೆ.ಸಿ. ನಗರದ ಆ ಸ್ಮಾರಕದ ಮುಂದೆ ದಿನಾಲೂ ಓಡಾಡುವ ನಮ್ಮಲ್ಲೂ ಹೆಚ್ಚು ಜನಕ್ಕೆ ಅದು ಗೊತ್ತಾಗಬೇಕು.

ಈಗ ದೇಹ ಊರಿಗೆ ಬರುತ್ತದೆ

1962, 1965, 1971ರ ಯುದ್ಧಗಳಲ್ಲಿ ಸತ್ತ ಯೋಧರ ಅಂತ್ಯಕ್ರಿಯೆ ಹೆಚ್ಚಾಗಿ ಯುದ್ಧಭೂಮಿಯ ಹತ್ತಿರವೇ ನಡೆಯಿತು. ಮನೆಗೆ ಬಂದದ್ದು ತಂತಿ, ಅವರು ಬಳಸುತ್ತಿದ್ದ ವಸ್ತುಗಳು. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಈ ಕ್ರಮ ಬದಲಾಯಿತು. ಪಾರ್ಥಿವ ಶರೀರವನ್ನು ಹುಟ್ಟೂರಿಗೆ ತಲುಪಿಸುವುದು ರೂಢಿಯಾಯಿತು. ಅಂದಿನಿಂದ ಯೋಧನ ಸಾವು ಮತ್ತೆ ಊರಿನ ಸಂಗತಿಯಾಗಿದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕು, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆಯ ಬೆಟದೂರಿನಲ್ಲೇ ಮಣ್ಣು ಮಾಡಲಾಯಿತು. ಅಂದು ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ನೆರೆದಿದ್ದವು.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರನ್ನು ಅಲ್ಲಿ ಕೊರೆಯಲಾಗಿದೆ. ಅದು ದೇಶದ ಕರ್ತವ್ಯ, ದೇಶ ಅದನ್ನು ಮಾಡಿದೆ. ಪಿಂಚಣಿ, ಪರಿಹಾರ, ಮಕ್ಕಳ ಓದು ಇವನ್ನು ನೋಡಲು ಸೇನೆ, ಸರ್ಕಾರ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇವೆ. ಹಾಗಾದರೆ ಊರಿಗೆ ಉಳಿದ ಕೆಲಸವೇನು?

ಉಳಿದದ್ದು ಬಹಳ ಇದೆ. ಮೆರವಣಿಗೆಯ ದಿನ ಸಾವಿರಾರು ಜನ ಇರುತ್ತಾರೆ. ಮರುವರ್ಷ ಆ ಮನೆಯ ಕಡತ ಯಾವ ಮೇಜಿನ ಮೇಲೆ ನಿಂತಿದೆಯೆಂದು ಕೇಳುವವರು ಕೆಲವೇ ಜನ. ಘೋಷಣೆಯಾದ ನಿವೇಶನ ಬಂತೇ, ಹೆಂಡತಿಗೆ ಕೆಲಸ ಸಿಕ್ಕಿತೇ, ಅವಳ ಮೇಲೆ ಮನೆಯೊಳಗಿನ ಒತ್ತಡ ಏನಿದೆ, ಮಕ್ಕಳು ಶಾಲೆ ಬಿಟ್ಟರೇ ಎಂದು ವಿಚಾರಿಸಲು ದೆಹಲಿಯಿಂದ ಆಗುವುದಿಲ್ಲ. ಪಕ್ಕದ ಮನೆಯಿಂದ, ಗ್ರಾಮ ಪಂಚಾಯಿತಿಯಿಂದ ಆಗುತ್ತದೆ. ಬಸ್ ನಿಲ್ದಾಣದ ಎದುರು ಪುತ್ಥಳಿ ನಿಲ್ಲಿಸುವುದು ಒಳ್ಳೆಯದೇ. ಆದರೆ ನೆತ್ತರುಕೊಡಗೆಯ ಮಾತು ಅದರ ಜೊತೆಗೇ ನಡೆಯದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ಹೊಸ ಸ್ಮಾರಕ ಕಟ್ಟುವವರು ಹಳೆಯ ಕಲ್ಲುಗಳಿಂದ ಬರೆಯುವ ಬಗೆಯನ್ನೂ ಕಲಿಯಬಹುದು. ಈಗಿನ ಫಲಕಗಳಲ್ಲಿ ಉದ್ಘಾಟನೆ ಮಾಡಿದವರ ಹೆಸರಿಗೇ ಬಹುಪಾಲು ಜಾಗ ಹೋಗುತ್ತದೆ. ಸತ್ತವನ ಬಗ್ಗೆ ‘ವೀರಮರಣವನ್ನಪ್ಪಿದ’ ಎಂಬ ಒಂದು ಸಾಲು ಉಳಿಯುತ್ತದೆ. ನೂರು ವರ್ಷದ ಮೇಲೆ ಓದುವವರಿಗೆ ಅಷ್ಟು ಸಾಲದು. ಪೂರ್ತಿ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ವರ್ಷ, ಓದಿದ ಶಾಲೆ, ಸೇರಿದ ಪಡೆ, ಸತ್ತ ಜಾಗ, ದಿನ, ಸಾವಿನ ಸಂದರ್ಭ, ಸ್ಮಾರಕ ನಿಲ್ಲಿಸಿದವರು ಯಾರು ಎಂಬುದು ಕನ್ನಡದಲ್ಲಿ ಸರಳವಾಗಿ ಇರಬೇಕು. ಹತ್ತನೆಯ ಶತಮಾನದ ಕಲ್ಕುಟಿಗ ಇಷ್ಟನ್ನೂ ಕೆಲವೇ ಸಾಲುಗಳಲ್ಲಿ ಕೂರಿಸಿದ್ದಾನೆ.

ಹಳೆಯ ಕಲ್ಲಿಗೆ ಊರು ಮಾಡಬಹುದಾದದ್ದು

ಸಂರಕ್ಷಿತ ಪಟ್ಟಿಯಲ್ಲಿರುವ ವೀರಗಲ್ಲುಗಳು ಕೆಲವೇ. ಉಳಿದವು ಊರಿನ ವಶದಲ್ಲಿವೆ. ನಿಧಿಯ ಆಸೆಗೆ ಬುಡ ಅಗೆಯುವವರಿದ್ದಾರೆ, ಮನೆ ಕಟ್ಟುವಾಗ ಪಾಯಕ್ಕೆ ಹಾಕುವವರಿದ್ದಾರೆ. ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಕ್ಕಿ ತುಂಡಾದವೂ ಉಂಟು. ಭಕ್ತಿಯಿಂದ ಆಗುವ ಕೆಡುಕೂ ಇದೆ. ಎನಾಮೆಲ್ ಬಣ್ಣ ಬಳಿದರೆ, ಸಿಮೆಂಟಿನಲ್ಲಿ ಅರ್ಧ ಮುಚ್ಚಿದರೆ ಅಕ್ಷರ ಹೋಗಿಬಿಡುತ್ತದೆ. ಸಾವಿರ ವರ್ಷ ಮಳೆ ಬಿಸಿಲಿಗೆ ಜಗ್ಗದ ಬರಹ ಒಂದು ಮಧ್ಯಾಹ್ನದಲ್ಲಿ ಅಳಿಯುತ್ತದೆ. ನೂರು ವರ್ಷ ದಾಟಿದ ಶಿಲ್ಪಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಮೊದಲು ಪಟ್ಟಿ: ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಕಲ್ಲುಗಳಿವೆ, ಎಲ್ಲೆಲ್ಲಿವೆ ಎಂದು ಶಾಲೆಯ ಮಕ್ಕಳೂ ಶಿಕ್ಷಕರೂ ಒಂದೆರಡು ರಜೆಯಲ್ಲಿ ಗುರುತಿಸಬಹುದು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ನಡುಹಗಲಲ್ಲಿ ಕಾಣದ ಅಕ್ಷರವೂ ಎದ್ದು ಕಾಣುತ್ತದೆ. ತೊಳೆಯಲು ನೀರು, ಮೆತ್ತನೆ ಬ್ರಷ್ ಸಾಕು. ಆ್ಯಸಿಡ್, ತಂತಿ ಬ್ರಷ್, ಉಳಿ ತಾಗಿಸಲೇಬಾರದು. ಬರಹ ಇದ್ದರೆ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಬಹುದು, ನಿಮ್ಮ ಊರಿನ ಕಲ್ಲನ್ನು ನೂರು ವರ್ಷದ ಹಿಂದೆಯೇ ಓದಿ ಅಚ್ಚು ಹಾಕಿರುವ ಸಾಧ್ಯತೆ ಇದೆ. ಇಲ್ಲದಿದ್ದರೆ ಪುರಾತತ್ವ ಇಲಾಖೆಗೆ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ತಿಳಿಸಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಕಲ್ಲು ಒಡೆದರೂ ಅಕ್ಷರ ಉಳಿಯಲು ಅದು ದಾರಿ.

ಕಲ್ಲು ಆದಷ್ಟೂ ಇದ್ದ ಕಡೆಯೇ ಇರಬೇಕು. ಕೆರೆ ಏರಿಯ ಮೇಲಿನ ಕಲ್ಲು ಕಾಳಗ ಆ ಏರಿಯ ಬಳಿ ನಡೆದದ್ದಕ್ಕೂ ಸಾಕ್ಷಿಯಾಗಿರಬಹುದು. ಮ್ಯೂಸಿಯಂಗೆ ಹೋದರೆ ಆ ಅರ್ಥ ಹೋಗುತ್ತದೆ. ಕಳವಿನ, ಒಡೆಯುವ ಭಯ ನಿಜವಾಗಿದ್ದರೆ ಸಾಗಿಸಲೇಬೇಕಾಗಬಹುದು. ಆಗ ಹಲ್ಮಿಡಿಯ ಮಾದರಿ ಅನುಸರಿಸಬಹುದು. ಮೂಲ ಶಾಸನ ಮೈಸೂರಿನಲ್ಲಿ ಭದ್ರವಾಗಿದೆ, ಊರಿನಲ್ಲಿ ಅದರ ಪ್ರತಿಕೃತಿ ನಿಂತಿದೆ. ಹೆಬ್ಬಾಳದಲ್ಲಿ ಜನರೇ ಮುಂದೆ ಬಂದು, ಹಣ ಕೂಡಿಸಿ ಕಿತ್ತಯ್ಯನ ಕಲ್ಲಿಗೆ ಮಂಟಪ ಕಟ್ಟಿಸಿದರು. ಮಹಾನಗರದ ಗದ್ದಲದ ಬಡಾವಣೆಯಲ್ಲಿ ಅದು ಆಯಿತೆಂದರೆ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಿ ಯಾಕಾಗದು?

ಈ ಕಲ್ಲುಗಳನ್ನು ಉಳಿಸಿ ಎಂದರೆ ಯುದ್ಧವನ್ನು ಹಾಡಿಹೊಗಳಿ ಎಂದಲ್ಲ. ಅಲ್ಲಿ ಇರುವವರಲ್ಲಿ ಬಹಳ ಮಂದಿ ದನಕರು, ಮನೆ, ನೆರೆಯವರನ್ನು ಉಳಿಸಲು ಹೋಗಿ ಸತ್ತವರು. ಬದುಕಿದ್ದರೆ ಮರುದಿನ ಹೊಲಕ್ಕೆ ಹೋಗುತ್ತಿದ್ದವರು. ಅವರ ಋಣವನ್ನು ಅವರ ಕಾಲದ ಊರು ಮಣ್ಣು ಅಳೆದು, ಹೆಸರು ಕೊರೆದು ತೀರಿಸಲು ನೋಡಿತು. ಪ್ರತಿ ಗ್ರಾಮಸಭೆ ವರ್ಷಕ್ಕೊಮ್ಮೆ ಎರಡು ಪ್ರಶ್ನೆ ಕೇಳಿಕೊಂಡರೆ ಆ ಕೆಲಸ ಮುಂದುವರಿದಂತೆ: ನಮ್ಮ ಊರಿನ ವೀರಗಲ್ಲುಗಳು ಯಾವ ಸ್ಥಿತಿಯಲ್ಲಿವೆ? ನಮ್ಮ ಊರಿನಿಂದ ಹೋಗಿ ಸತ್ತ ಯೋಧನ ಮನೆಯವರು ಹೇಗಿದ್ದಾರೆ? ಎರಡಕ್ಕೂ ಬಂದ ಉತ್ತರವನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಬೇಕು, ಆಗದೆ ಉಳಿದ ಕೆಲಸಕ್ಕೆ ಒಬ್ಬರನ್ನು ಹೊಣೆ ಮಾಡಬೇಕು. ಗೊರವನಿಗೆ ಷರತ್ತು ಬರೆದಿಟ್ಟ ಆತಕೂರಿನ ಜನ ಸಾವಿರ ವರ್ಷದ ಹಿಂದೆ ಮಾಡಿದ್ದು ಇದನ್ನೇ. ನಮ್ಮ ಪಂಚಾಯಿತಿಗಳಿಗೆ ಅದು ಕಷ್ಟವಾಗಬಾರದು.